ಸಂಡೂರಿನ ಏರಿಗೂ ಕೆಂಪು ಧೂಳಿಗೂ ತಡೆಯುವ ಸೈಕಲ್ ಕಟ್ಟಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಸಂಡೂರಿನಲ್ಲಿ ಮನೆ, ದೋಣಿಮಲೈ ಕಡೆ ಕೆಲಸ, ದಿನಾ ಗುಡ್ಡ ಹತ್ತಿ ಇಳಿಯಬೇಕು. 21 ಗೇರಿನ ಸೈಕಲ್ಲು ವರ್ಷ ತುಂಬುವುದರೊಳಗೆ ಕಿರುಗುಟ್ಟುತ್ತಿದೆ. ಇನ್ನೂ ದುಬಾರಿಯದ್ದು ಕೊಳ್ಳಬೇಕಾ, ಇಲ್ಲ ಸಾಮಾನು ತಂದು ಕಟ್ಟಿಸಬೇಕಾ?

ಕಟ್ಟಿಸಿ. ನಾನೂ ಇದೇ ತಾಲ್ಲೂಕಿನವನು, ಕಟ್ಟಿಸಿದ ಸೈಕಲ್ಲನ್ನೇ ಓಡಿಸುತ್ತೇನೆ.

ನಿಮ್ಮ ಸೈಕಲ್ಲನ್ನು ಕೆಡಿಸಿದ್ದು ಏರಲ್ಲ, ಧೂಳು. ನಮ್ಮ ಗುಡ್ಡದ ಅದಿರು ಹೆಮಟೈಟ್. ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು 5.5ರಿಂದ 6.5. ರಿಮ್ಮಿನ ಅಲ್ಯೂಮಿನಿಯಂ ಸುಮಾರು 3. ಲಾರಿ ಎಬ್ಬಿಸಿದ ಆ ಪುಡಿ ಚೈನಿನ ಎಣ್ಣೆಗೆ ಸೇರಿದರೆ ಸಾಣೆ ಹಿಡಿಯುವ ಮಸಾಲೆ ರೆಡಿ. ಚೈನಿನ ಪಿನ್ನು ಸವೆಯುತ್ತದೆ, ಚೈನು ಉದ್ದವಾಗುತ್ತದೆ, ಉದ್ದವಾದ ಚೈನು ಹಲ್ಲುಗಳನ್ನು ತಿನ್ನುತ್ತದೆ. ಬೇಕಿದ್ದರೆ ಸ್ಕೇಲ್ ಹಿಡಿದು ನೋಡಿ. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ನಿಮ್ಮದು ಇಂಚಿನ ಎಂಟನೇ ಒಂದು ಭಾಗ ಹೆಚ್ಚು ತೋರಿಸಿದರೆ ಚೈನಿನ ಜೊತೆ ಹಿಂದಿನ ಗೇರ್ ಸೆಟ್ಟೂ ಮುಗಿದ ಹಾಗೆ. ಎಷ್ಟು ದುಬಾರಿ ಸೈಕಲ್ಲಾದರೂ ಚೈನು ಬಯಲಲ್ಲಿದ್ದರೆ ಇದೇ ಕತೆ. ಅಂಗಡಿಯವರು 27 ಗೇರಿನದು ತೋರಿಸಿದರೆ ಸುಮ್ನೆ ನಕ್ಕು ಬನ್ನಿ.

ಆದ್ದರಿಂದ ದುಡ್ಡು ಹಾಕಬೇಕಾದ್ದು ಒಂದೇ ಕಡೆ: ಗೇರು ಒಳಗೇ ಇರುವ ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಬ. ಶಿಮಾನೋ ನೆಕ್ಸಸ್ 8 ಸಾಕು. ಹಿಂದಿನ ಹಲ್ಲುಚಕ್ರ ಒಂದು ಸುತ್ತು ಬಂದರೆ ಸೈಕಲ್ಲಿನ ಚಕ್ರ ಅದರ ಕಡಿಮೆ ಗೇರಿನಲ್ಲಿ 0.527 ಸುತ್ತು, ಜಾಸ್ತಿ ಗೇರಿನಲ್ಲಿ 1.615 ಸುತ್ತು ಬರುತ್ತದೆ, ಅಂದರೆ ಮೂರು ಪಟ್ಟು ಅಂತರ. ಮುಂದೆ 38 ಹಲ್ಲು, ಹಿಂದೆ 19 ಹಲ್ಲು ಹಾಕಿಸಿ. ಆಗ ಕಡಿಮೆ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಹೆಚ್ಚುಕಡಿಮೆ ಒಂದೇ ಸುತ್ತು. ಹಳೆಯ 28 ಇಂಚಿನ ದೊಡ್ಡ ಸೈಕಲ್ಲಿನಲ್ಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ, ಅದಕ್ಕೇ ಏರಿನಲ್ಲಿ ಎಲ್ಲರೂ ಇಳಿದು ತಳ್ಳೋದು. ಇನ್ನೂ ಹಗುರವಾಗಲಿ ಅಂತ ಮುಂದಿನ ಹಲ್ಲು ತೀರಾ ಕಡಿಮೆ ಮಾಡಬೇಡಿ. ಹಬ್ಬಿನ ಒಳಗಿನ ಗೇರುಗಳ ಮೇಲೆ ಬೀಳುವ ಒತ್ತಡ ಜಾಸ್ತಿಯಾಗುತ್ತದೆ. ಮುಂದಿನದು ಹಿಂದಿನದರ ಎರಡು ಪಟ್ಟಿನ ಆಸುಪಾಸಿನಲ್ಲಿರಲಿ. ಮೂರು ಗೇರಿನ ಹಬ್ ಅಗ್ಗ, ಬಳ್ಳಾರಿ ಪೇಟೆಗೆ ಧಾರಾಳ ಸಾಕು, ನಿಮ್ಮ ಘಾಟಿಗೆ ಸಾಲದು. ಹದಿನಾಲ್ಕು ಗೇರಿನ ರೋಲಾಫ್ ಚೆನ್ನಾಗಿದೆ, ಆದರೆ ಆ ದುಡ್ಡಿಗೆ ಜನ ಬೈಕ್ ಕೊಳ್ಳುತ್ತಾರೆ.

ಈ ಹಬ್ಬಿನ ದೊಡ್ಡ ಲಾಭ ಎಂದರೆ ಚೈನು ಒಂದೇ ಗೆರೆಯಲ್ಲಿ ಓಡುತ್ತದೆ. ಆದ್ದರಿಂದ ಹಳೇ ಸೈಕಲ್ಲಿಗಿದ್ದಂತೆ ಪೂರಾ ಮುಚ್ಚಿದ ಚೈನ್ ಕವರ್ ಹಾಕಬಹುದು. ಅದನ್ನು ಮಾತ್ರ ಬಿಡಬೇಡಿ. ತಗಡಿನದು ಸದ್ದು ಮಾಡುತ್ತದೆ, ಮಾಡಲಿ.

ಉಳಿದದ್ದೆಲ್ಲ ಸಂಡೂರಿನ ಅಂಗಡಿಯಲ್ಲಿ ಸಿಗುವಂಥದ್ದೇ ಆಗಿರಲಿ. ಫ್ರೇಮಿಗೆ ಗೇರಿಲ್ಲದ 26 ಇಂಚಿನ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್ ಮಾದರಿಯ ಸೈಕಲ್ಲು) ಹುಡುಕಿ. ಗೇರಿಲ್ಲದ್ದೇ ಯಾಕೆ? ಅದರಲ್ಲಿ ಹಿಂದಿನ ಆಕ್ಸಲ್ ಕೂರುವ ಸೀಳು ಅಡ್ಡಕ್ಕೆ ಉದ್ದವಾಗಿರುತ್ತದೆ. ಚಕ್ರ ಹಿಂದಕ್ಕೆ ಎಳೆದರೆ ಚೈನು ಬಿಗಿಯಾಯಿತು, ಬೇರೆ ಸ್ಪ್ರಿಂಗು ಗಿಂಗು ಬೇಡ. ಗೇರ್ ಸೈಕಲ್ಲಿನ ಸೀಳು ಕೆಳಮುಖವಾಗಿರುತ್ತದೆ, ಆ ಅನುಕೂಲ ಇಲ್ಲ. ನೆಕ್ಸಸ್ 8ಕ್ಕೆ ಒಳ ಅಗಲ 132 ಮಿಲಿಮೀಟರ್ ಬೇಕು. ಈ ಫ್ರೇಮುಗಳು ಅದಕ್ಕಿಂತ ಕಿರಿದು. ಸ್ಟೀಲ್ ಆದ್ದರಿಂದ ತಿಳಿದ ಮಿಸ್ತ್ರಿ ಎರಡೂ ಕಡೆ ಸಮನಾಗಿ ಅಗಲಿಸಬಲ್ಲ. ಅಲ್ಯೂಮಿನಿಯಂ ಫ್ರೇಮನ್ನು ಹಾಗೆ ಬಗ್ಗಿಸಲು ಹೋಗಬಾರದು, ಬಿರುಕು ಬಿಡುತ್ತದೆ. ಸಸ್ಪೆನ್ಷನ್ ಫೋರ್ಕ್ ಬೇಡ, ಅದರ ಸೀಲಿಗೂ ಇದೇ ಧೂಳು ಶತ್ರು.

ಮಿಸ್ತ್ರಿಗೆ ಎರಡು ಮಾತು ಮೊದಲೇ ಹೇಳಿ. ಒಂದು, ಈ ಹಬ್ ದಪ್ಪ, ಹಾಗಾಗಿ ಮಾಮೂಲಿ ಅಳತೆಯ ಕಡ್ಡಿ (ಸ್ಪೋಕ್) ಕೂರುವುದಿಲ್ಲ. ರಿಮ್ಮು 36 ತೂತಿನದೇ ತನ್ನಿ, ಹಬ್ ಕೊಳ್ಳುವಾಗಲೂ ಅದನ್ನೇ ಕೇಳಿ. ಎರಡು, ಹಬ್ಬಿನ ಜೊತೆ ಬರುವ ಬಣ್ಣದ ವಾಷರುಗಳು ಅಲಂಕಾರಕ್ಕಲ್ಲ. ಆಕ್ಸಲ್ ತಿರುಗದಂತೆ ಹಿಡಿಯುವುದೇ ಅವು, ಸೀಳಿನ ಕೋನಕ್ಕೆ ತಕ್ಕದ್ದನ್ನು ಹಾಕಬೇಕು. ಮಾಮೂಲಿ ವಾಷರ್ ಹಾಕಿ ಬಿಗಿದರೆ ಗೇರು ಹಾರುತ್ತವೆ.

ಬ್ರೇಕಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಏರಿದ್ದಕ್ಕಿಂತ ಇಳಿಯುವಾಗಲೇ ಅಪಾಯ ಅಲ್ವಾ? ಮುಂದೆ ಕೇಬಲ್ ಡಿಸ್ಕ್, ಹಿಂದೆ ಪವರ್ ಬ್ರೇಕ್, ಅಂದರೆ ಎರಡೂ ಕಡೆಯಿಂದ ರಬ್ಬರು ರಿಮ್ಮನ್ನು ಅಮುಕುವಂಥದ್ದು. ಎರಡೂ ಕಡೆ ಪವರ್ ಬ್ರೇಕ್ ಹಾಕಿದರೂ ನಿಲ್ಲುತ್ತದೆ, ಆದರೆ ರಬ್ಬರಿಗೆ ಕಚ್ಚಿದ ಅದಿರಿನ ಪುಡಿ ಮುಂದಿನ ರಿಮ್ಮನ್ನು ಬೇಗ ತೆಳುವಾಗಿಸುತ್ತದೆ. ಹಬ್ಬಿಗೆ ಒಪ್ಪುವ ರೋಲರ್ ಬ್ರೇಕ್ ಸಿಗುತ್ತದೆ, ಉದ್ದ ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಎಣ್ಣೆ ತುಂಬುವ ಡಿಸ್ಕ್ ಚೆನ್ನಾಗಿ ಹಿಡಿಯುತ್ತದೆ, ಕೆಟ್ಟರೆ ಇಲ್ಲಿ ಯಾರು ನೋಡುತ್ತಾರೆ?

ಪಂಚರ್ ಹೇಗೂ ಆಗುತ್ತದೆ, ಬಳ್ಳಾರಿ ಜಾಲಿಯ ಮುಳ್ಳು ಬಿಡುತ್ತದೆಯೇ. ಎರಡು ಇಂಚು ಅಗಲದ ದಪ್ಪ ಟೈರು, ಒಳಗೊಂದು ಲೈನರ್ ಪಟ್ಟಿ ಹಾಕಿ. ಗೇರ್ ಹಬ್ ಇದ್ದರೆ ಚಕ್ರ ಬಿಚ್ಚೋದು ರಗಳೆ ಅಂತ ಇಂಟರ್‌ನೆಟ್ಟಿನಲ್ಲಿ ಹೆದರಿಸುತ್ತಾರೆ. ನಮ್ಮ ಪಂಚರ್ ಅಂಗಡಿಗಳಲ್ಲಿ ಚಕ್ರ ಬಿಚ್ಚೋರೇ ಅಪರೂಪ, ಟ್ಯೂಬು ಎಳೆದು ಪ್ಯಾಚ್ ಹಾಕಿ ಕಳಿಸುತ್ತಾರೆ. ಟ್ಯೂಬನ್ನೇ ಬದಲಿಸುವಾಗ ಮಾತ್ರ ಗೇರ್ ಕೇಬಲ್ ಬಿಡಿಸಬೇಕು. ಅದನ್ನು ಮನೆಯಲ್ಲಿ ನೀವೇ ಒಮ್ಮೆ ಮಾಡಿ ಕಲಿತುಬಿಡಿ.

ಆಮೇಲಿನ ಆರೈಕೆ ಕಡಿಮೆ. ಗೇರ್ ಕೇಬಲ್ ಸಡಿಲವಾದರೆ ನಾಲ್ಕನೇ ಗೇರಿಗೆ ಹಾಕಿ, ಹಬ್ಬಿನ ಹತ್ತಿರದ ಎರಡು ಗುರುತುಗಳನ್ನು ನೇರಕ್ಕೆ ತನ್ನಿ. ಎರಡು ವರ್ಷಕ್ಕೊಮ್ಮೆ ಹಬ್ಬಿನ ಒಳಭಾಗ ಬಿಚ್ಚಿ ಎಣ್ಣೆ ಮಾಡಿಸಬೇಕು. ಇದಕ್ಕೆ ಬೆಂಗಳೂರಿನ ದೊಡ್ಡ ಅಂಗಡಿಗಳೇ ಗತಿ, ಚಕ್ರವೊಂದನ್ನೇ ಕಳಿಸಿದರೂ ಸಾಕು.

ಫ್ರೇಮ್ ನೋಡಲು ಹೋಗುವಾಗ ಟೇಪ್ ಒಯ್ಯಿರಿ. ಹಿಂದಿನ ಸೀಳುಗಳ ಒಳ ಅಗಲ ಎಷ್ಟಿದೆ, ಮುಂದಿನ ಫೋರ್ಕಿನಲ್ಲಿ ಡಿಸ್ಕ್ ಕೂರಿಸುವ ಕಿವಿ ಇದೆಯಾ ಅಂತ ನೋಡಿ ಇಲ್ಲಿ ಬರೆಯಿರಿ. ಕಡ್ಡಿಯ ಉದ್ದ ಲೆಕ್ಕ ಹಾಕಿ ಹೇಳುತ್ತೇನೆ.