ಕೆಮ್ಮುವ ಹಂದಿಗೆ ತೌಡಿನಲ್ಲಿ ಔಷಧ ಬೇಡ

ಪ್ರಶ್ನೆ: ನಮ್ಮ ಹಂದಿಗಳು ಕೆಮ್ಮುತ್ತಿವೆ, ಪಕ್ಕೆ ಎಳೆದು ಉಸಿರಾಡುತ್ತಿವೆ. ಅಂಗಡಿಯವರು ಕೊಟ್ಟ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಪುಡಿಯನ್ನು ತೌಡಿನಲ್ಲಿ ಕಲಸಿ ಹಾಕಿದೆ. ಎರಡು ದಿನ ತಗ್ಗಿ ಮತ್ತೆ ಶುರುವಾಯ್ತು. ಡೋಸ್ ಹೆಚ್ಚಿಸಲೇ ಡಾಕ್ಟ್ರೇ?
– ಹಂದಿ ಸಾಕಣೆದಾರ, ಸಿಂಧನೂರು

ಉತ್ತರ: ಅಂದಾಜಿಗೆ ಹೆಚ್ಚಿಸಬೇಡಿ. ನ್ಯುಮೋನಿಯಾ ಬಂದ ಹಂದಿ ಮೊದಲು ಬಿಡುವುದೇ ಮೇವು. ನಿಮ್ಮ ಔಷಧವನ್ನೆಲ್ಲ ಗಟ್ಟಿಮುಟ್ಟಾದವು ತಿಂದಿವೆ, ರೋಗಿಗೆ ಸಿಕ್ಕಿದ್ದು ಅರೆಬರೆ. ಆ ಅರೆಬರೆಯಲ್ಲಿ ಬದುಕುಳಿದ ಬ್ಯಾಕ್ಟೀರಿಯಾಗಳೇ ಮುಂದೆ ಔಷಧಕ್ಕೆ ಜಗ್ಗದವು. ನನಗೆ ನಿಜಕ್ಕೂ ಆತಂಕ ಇದರದ್ದೇ, ಏಕೆಂದರೆ ಇದೇ ಗುಂಪಿನ ಔಷಧ ಮನುಷ್ಯರಿಗೂ ಬೇಕು.

ಕಾಯಿಲೆಯ ಹಂದಿಗೆ ಪಶುವೈದ್ಯರಿಂದಲೇ ಇಂಜೆಕ್ಷನ್ ಹಾಕಿಸಿ. ಡೋಸ್ ನಿರ್ಧಾರವಾಗುವುದು ತೂಕದ ಮೇಲೆ. ತಕ್ಕಡಿ ಇಲ್ಲದಿದ್ದರೆ ಟೇಪು ಹಿಡಿಯಿರಿ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡೂ ಮೀಟರಿನಲ್ಲಿ. ಸುತ್ತಳತೆ × ಸುತ್ತಳತೆ × ಉದ್ದ × 69.3 = ಕೆ.ಜಿ.ಯಲ್ಲಿ ತೂಕ. ಎರಡೂ 0.9 ಮೀಟರ್ ಇದ್ದರೆ ಸುಮಾರು 50 ಕೆ.ಜಿ. ಕಣ್ಣಳತೆಯಲ್ಲಿ ಇದನ್ನು 35 ಎಂದು ತಿಳಿದರೆ ಡೋಸ್ ಸುಮಾರು ಶೇ 30ರಷ್ಟು ಕಡಿಮೆ ಬೀಳುತ್ತದೆ. ಕೆಮ್ಮು ತಗ್ಗಿತೆಂದು ನಡುವೆ ನಿಲ್ಲಿಸಬೇಡಿ.

ಪೆನಿಸಿಲಿನ್ ತರಲು ಹೊರಡುವ ಮುನ್ನ ಒಂದು ಮಾತು. ಬಹುದಿನದ ಒಣಕೆಮ್ಮಿಗೆ ಹೆಚ್ಚಾಗಿ ಕಾರಣವಾಗುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ (ಜೀವಕೋಶದ ಹೊರಗೋಡೆ) ಇಲ್ಲ. ಪೆನಿಸಿಲಿನ್ ಹೊಡೆಯುವುದು ಆ ಭಿತ್ತಿಯನ್ನೇ. ಹಾಗಾಗಿ ಇಲ್ಲಿ ಕೆಲಸ ಮಾಡದು.

ಕಿವಿ, ಹೊಟ್ಟೆ ಕೆಂಪು-ನೀಲಿಗಟ್ಟಿದರೆ ಹಂದಿಜ್ವರವಿರಬಹುದು, ಅದು ವೈರಸ್ ಕಾಯಿಲೆ, ಅದಕ್ಕೆ ಈ ಔಷಧಗಳು ನಾಟವು. ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹಂದಿ ಸತ್ತರೆ ಹೂಳುವ ಮೊದಲು ವೈದ್ಯರಿಗೆ ತಿಳಿಸಿ, ಶ್ವಾಸಕೋಶದ ತುಂಡನ್ನು ಲ್ಯಾಬಿಗೆ ಕಳಿಸಿದರೆ ಯಾವ ಔಷಧ ನಾಟುತ್ತದೆಂದು ಗೊತ್ತಾಗುತ್ತದೆ.