ಬಾಕಿ ಮೊದಲು, ಶಾಲು ಆಮೇಲೆ

ಸಣ್ಣ ಕಾರ್ಖಾನೆಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ತುಮಕೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ದೊಡ್ಡ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದಾರಂತೆ. ‘ನಮಗೆ ಮಾಲು ಪೂರೈಸುವ ಸಣ್ಣ ವೆಂಡರ್‌ಗಳಿಗೆ ತರಬೇತಿ ಕೊಡುತ್ತೇವೆ, ವರ್ಷಕ್ಕೊಮ್ಮೆ ಕರೆದು ಸನ್ಮಾನ ಮಾಡುತ್ತೇವೆ, ಮುಂದೆ ಸಾಲ ಕೊಡಿಸುವ ಯೋಚನೆಯೂ ಇದೆ. ಆದರೂ ಅವರ ಗೊಣಗಾಟ ನಿಂತಿಲ್ಲ. ಇನ್ನೆಂಥ ಬೆಂಬಲ ಬೇಕು ಹೇಳಿ?’ ಎಂದು ಕೇಳಿದ್ದಾರೆ.

ಸ್ವಾಮಿ, ನೇರವಾಗಿ ಕೇಳಿದಿರಿ, ಸಂತೋಷ. ಅಳತೆ ತಪ್ಪದಂತೆ ಕೆಲಸ ಮಾಡುವುದನ್ನು ದೊಡ್ಡವರು ಸಣ್ಣವರಿಗೆ ಕಲಿಸಿದ್ದು ನಿಜ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್ ಇರದಿದ್ದರೆ ಬೆಂಗಳೂರಿನಲ್ಲಿ ಇಷ್ಟು ಲೇತ್‌ಗಳು ತಿರುಗುತ್ತಿರಲಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಒಂದು ವಿಷಯವೇ ಇಲ್ಲವಲ್ಲ. ನಿಮ್ಮಲ್ಲಿ ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತದೆ?

ಪೀಣ್ಯ ಎರಡನೇ ಹಂತದಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಕಂಪ್ಯೂಟರ್ ಹೇಳಿದ ಅಳತೆಗೆ ಲೋಹ ಕತ್ತರಿಸುವ ಎರಡು ಸಿಎನ್‌ಸಿ ಮಷೀನು, ಆರು ಜನ ಹುಡುಗರು. ಅವರು ಒಂದು ಸಲ ಮೇಜಿನ ಮೇಲೆ ಬಿಲ್ಲುಗಳನ್ನು ಹರಡಿ ತೋರಿಸಿದರು. ಆಗಸ್ಟ್‌ನಲ್ಲಿ ಮಾಲು ಹೋಗಿದೆ. ‘ಸ್ವೀಕರಿಸಿದೆ’ ಎಂಬ ಸೀಲು ಬಿದ್ದಿದ್ದು ಸೆಪ್ಟೆಂಬರ್ ಕೊನೆಗೆ. ದುಡ್ಡು ಕೊಡಲು ಕಂಪನಿಯವರು ದಿನ ಎಣಿಸುವುದು ಸೀಲಿನಿಂದ. ದೀಪಾವಳಿಗೆ ಹುಡುಗರಿಗೆ ಬೋನಸ್ ಕೊಡಬೇಕಾದಾಗಲೂ ದುಡ್ಡು ಬಂದಿರಲಿಲ್ಲ. ಆದರೆ ಆ ಬಿಲ್ಲಿನ ಜಿಎಸ್‌ಟಿಯನ್ನು ಸೆಪ್ಟೆಂಬರ್ 20ಕ್ಕೇ ಕಟ್ಟಿಯಾಗಿತ್ತು. ಕೈಗೆ ಬಾರದ ದುಡ್ಡಿಗೆ ತೆರಿಗೆ! ಇಎಸ್‌ಐ, ಪಿಎಫ್ 15ನೇ ತಾರೀಕು ದಾಟುವಂತಿಲ್ಲ. ಕರೆಂಟ್ ಬಿಲ್ಲೂ ಕಾಯುವುದಿಲ್ಲ. ಅದೇ ಕಂಪನಿ ಕೊಟ್ಟ ‘ಉತ್ತಮ ಪೂರೈಕೆದಾರ’ ಫಲಕ ಅವರ ಬೀರುವಿನ ಮೇಲಿದೆ.

ನೀವು ಸಾಲ ಕೊಡಿಸುತ್ತೇವೆ ಎನ್ನುತ್ತೀರಿ. ಯಾಕೆ ಸ್ವಾಮಿ? ಅವರಿಗೆ ಬರಬೇಕಾದ್ದನ್ನು ಕೊಟ್ಟರೆ ಸಾಲ ಯಾಕೆ ಬೇಕು? ತಮ್ಮದೇ ದುಡ್ಡು ಕೈಗೆ ಬರಲಿ ಎಂದು ಅವರು ಬ್ಯಾಂಕಿಗೆ ಬಡ್ಡಿ ಕಟ್ಟಬೇಕೇ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ನೆ ಹೇಳಲಿಲ್ಲ ಹಿರಿಯರು.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಒಪ್ಪಂದ ಇದ್ದರೂ ಸಣ್ಣವರಿಗೆ ದುಡ್ಡು ಕೊಡುವುದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಾಕಿ ಬಗ್ಗೆ ದೂರು ಕೊಡಲೆಂದು 2017ರಲ್ಲಿ ಸಮಾಧಾನ್ ಪೋರ್ಟಲ್ ಬಂತು. ಸಮಯಕ್ಕೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ ಎಂಬ ತೆರಿಗೆ ನಿಯಮವನ್ನು 2023ರ ಬಜೆಟ್ ತಂದಿತು. ಇದು ಗಟ್ಟಿ ನಿಯಮ. ಆದರೆ ಮಧ್ಯಮ ಉದ್ಯಮಗಳಿಂದ ಕೊಂಡ ಮಾಲಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಆರ್ಡರ್ ಅತ್ತ ಹೋಗಿಬಿಟ್ಟರೆ ಗತಿಯೇನು ಎಂದು ಸಣ್ಣವರೇ ಹೆದರಿದರು. ಸಮಾಧಾನ್‌ಗೆ ಹೋಗಲೂ ಹೆದರಿಕೆಯೇ. ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ?

ಸಣ್ಣವರ ಬಿಲ್ಲಿಗೆ ಬ್ಯಾಂಕುಗಳಿಂದ ದುಡ್ಡು ಕೊಡಿಸುವ ಟ್ರೆಡ್ಸ್ ಎಂಬ ವ್ಯವಸ್ಥೆಯ ಮೇಲೆ ನನಗೆ ಭರವಸೆ ಜಾಸ್ತಿ. ಬಿಲ್ ಆನ್‌ಲೈನ್‌ನಲ್ಲಿ ಹೋಗುತ್ತದೆ, ಕೊಂಡವರು ಒಪ್ಪುತ್ತಾರೆ, ಬ್ಯಾಂಕುಗಳು ಅದರ ಮೇಲೆ ಬಿಡ್ ಮಾಡಿ ಸಣ್ಣವರಿಗೆ ದುಡ್ಡು ಹಾಕುತ್ತವೆ. ಕಂಪನಿ ಬ್ಯಾಂಕಿಗೆ ಆಮೇಲೆ ಕಟ್ಟುತ್ತದೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದಕ್ಕೆ ಸೇರಬೇಕಿತ್ತು. ಸೇರಿದರೆ ಸಾಲದು, ಬಂದ ಬಿಲ್ಲಿಗೆ ‘ಒಪ್ಪಿದೆ’ ಎನ್ನಬೇಕು. ಆ ಗುಂಡಿ ಒತ್ತುವ ಬೆರಳು ನಿಮ್ಮಂಥವರದ್ದೇ.

ಬೆಂಬಲ ಎಂದರೆ ಏನು ಅಂತ ನೋಡಬೇಕಾದರೆ 1997ರ ಜಪಾನಿಗೆ ಹೋಗಬೇಕು. ಫೆಬ್ರವರಿ 1ರಂದು ಕರಿಯಾ ಎಂಬ ಊರಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾಗೆ ಬ್ರೇಕಿನ ಒಂದು ಸಣ್ಣ ವಾಲ್ವ್ ಅಲ್ಲಿಂದಲೇ ಬರಬೇಕಿತ್ತು. ಗೋದಾಮಿನಲ್ಲಿ ದಾಸ್ತಾನು ಇಲ್ಲ, ಕಾರು ತಯಾರಿಕೆ ನಿಂತೇಹೋಯಿತು. ಆಗ ಹತ್ತಾರು ಪೂರೈಕೆದಾರರು ತಮ್ಮ ಮಷೀನುಗಳನ್ನು ಆ ಕೆಲಸಕ್ಕೆ ತಿರುಗಿಸಿದರು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಕೂಡ ವಾಲ್ವ್ ಮಾಡಿಕೊಟ್ಟಿತು. ರೇಟು ಎಷ್ಟು ಎಂದು ಮೊದಲು ಕೇಳದೆ ಕೆಲಸಕ್ಕೆ ಇಳಿದರು. ವಾರದೊಳಗೆ ಕಾರುಗಳು ಮತ್ತೆ ಹೊರಬಂದವು. ಶಾಲು ಹೊದಿಸಿದ್ದಕ್ಕೆ ಯಾರೂ ಹೀಗೆ ಓಡಿ ಬರುವುದಿಲ್ಲ. ನಾಳೆ ನಿಮ್ಮ ಕಾರ್ಖಾನೆಗೆ ಕಷ್ಟ ಬಂದರೆ ಎಷ್ಟು ಜನ ಬರುತ್ತಾರೆ?

ಇದು ಕಾರ್ಖಾನೆಯ ಮಾತಷ್ಟೇ ಅಲ್ಲ. ನಮ್ಮಲ್ಲಿ ಬಾಕಿ ಕೇಳುವವನೇ ತಲೆ ತಗ್ಗಿಸಬೇಕು, ಉಳಿಸಿಕೊಂಡವನು ‘ನೋಡೋಣ ಬನ್ನಿ’ ಎಂದು ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಸರ್ಕಾರಿ ಕಾಮಗಾರಿ ಮಾಡಿದವರಿಗೂ ಇದೇ ಪಾಡು, ಮದುವೆಗೆ ಶಾಮಿಯಾನ ಹಾಕಿದವರಿಗೂ ಇದೇ ಪಾಡು. ಕೋಟಿ ಬಂಡವಾಳ ಎತ್ತಿದ ಸ್ಟಾರ್ಟಪ್ ಹುಡುಗರ ಫೋಟೊ ಮುಖಪುಟಕ್ಕೆ ಬರುತ್ತದೆ. ಮೂವತ್ತು ವರ್ಷ ಪ್ರತಿ ತಿಂಗಳೂ ಸಂಬಳ ತಪ್ಪಿಸದೆ ಶೆಡ್ ನಡೆಸಿದವರನ್ನು ಯಾರು ಕೇಳುತ್ತಾರೆ? ಅವರ ಮಕ್ಕಳು ಶೆಡ್ ಕಡೆ ತಲೆ ಹಾಕುತ್ತಿಲ್ಲ ಎಂದರೆ ಅದು ಸೋಮಾರಿತನ ಅಲ್ಲ. ಅಪ್ಪ ಅಕೌಂಟ್ಸ್ ವಿಭಾಗದ ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಬೆಳೆದವರು ಅವರು.

ನೀವು ಒಳ್ಳೆಯ ಮನಸ್ಸಿನವರು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಸೋಮವಾರ ಆಫೀಸಿಗೆ ಹೋದಾಗ 45 ದಿನ ದಾಟಿದ ಬಿಲ್ಲುಗಳ ಪಟ್ಟಿ ತೆಗೆಸಿ. ಮಾಲು ಬಂದ ದಿನದಿಂದ ಎಣಿಸಿ, ಸೀಲಿನಿಂದ ಅಲ್ಲ. ಎಷ್ಟಿವೆ ಅಂತ ನಮಗೂ ಬರೆಯಿರಿ. ಕಂಪನಿಯ ಹೆಸರು ಬೇಡ, ಲೆಕ್ಕ ಸಾಕು. ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿ ಅಚ್ಚು ಹಾಕುತ್ತೇವೆ.

– ಸಂ.