ಬಾದಾಮಿ ಸುಂಕದ ಜಗಳದಲ್ಲಿ ಗೆದ್ದವರು ಯಾರು?

ಪ್ರಶ್ನೆ: ಮಂಡಿಪೇಟೆಯಲ್ಲಿ ನಮ್ಮದು ಡ್ರೈಫ್ರೂಟ್ಸ್ ಅಂಗಡಿ. ಅಮೆರಿಕದ ಬಾದಾಮಿ ಮೇಲೆ 2019ರಲ್ಲಿ ಸುಂಕ ಏರಿತು, 2023ರಲ್ಲಿ ಇಳಿಯಿತು. ಕೇಸು ಗೆದ್ದವರು ಯಾರು ಸಾರ್? ಸ್ನೇಹ ಇರೋ ದೇಶಗಳ ಇಂಥ ಜಗಳವನ್ನು ಬಗೆಹರಿಸೋರು ಯಾರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಯಾರೂ ಗೆಲ್ಲಲಿಲ್ಲ. ತೀರ್ಪೇ ಬರಲಿಲ್ಲ!

ಜಗಳ ಶುರುವಾಗಿದ್ದು ಬಾದಾಮಿಯಿಂದಲ್ಲ, ಉಕ್ಕಿನಿಂದ. 2018ರಲ್ಲಿ ಅಮೆರಿಕ ಹೊರಗಿನ ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10 ಸುಂಕ ಹಾಕಿತು. ದೇಶದ ಭದ್ರತೆಗೆ ಅಂತ ಕಾರಣ ಕೊಟ್ಟಿತು. ಭಾರತ ದೂರು ಕೊಟ್ಟಿತು, ತಿರುಗೇಟಿನ ಸುಂಕವನ್ನು ಮಾತ್ರ ಒಂದು ವರ್ಷ ಮುಂದೂಡುತ್ತಾ ಬಂತು. 2019ರ ಜೂನ್ 5ಕ್ಕೆ, ನಮ್ಮ ಹಲವು ಸರಕುಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ರಿಯಾಯಿತಿಯೂ ಹೋಯಿತು. ಜೂನ್ 16ರಿಂದ ಅಲ್ಲಿಯ 28 ಸರಕುಗಳಿಗೆ ನಾವೂ ಹೆಚ್ಚುವರಿ ಸುಂಕ ಹಾಕಿದೆವು. ಸುಲಿದ ಬಾದಾಮಿಗೆ ಕೆಜಿಗೆ 100 ರೂಪಾಯಿ ಇದ್ದದ್ದು 120 ಆಯಿತು. ಸೇಬಿಗೆ ಶೇ 50 ಇದ್ದದ್ದು 70. ಬಾದಾಮಿಯೇ ಯಾಕೆ ಅಂತೀರಾ? ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ನಾವು ದೊಡ್ಡ ಗಿರಾಕಿ. ಅವರಿಗೆ ಬಿಸಿ ಮುಟ್ಟಿದರೆ ಅವರೇ ಹೋಗಿ ತಮ್ಮ ಸರ್ಕಾರವನ್ನು ಕೇಳುತ್ತಾರೆ ಅನ್ನೋ ಲೆಕ್ಕ.

ಇಂಥ ದೂರಿಗೆ ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಇದೆ. ಮೊದಲು 60 ದಿನ ಮಾತುಕತೆ. ಆಗಲಿಲ್ಲವೆಂದರೆ ತಜ್ಞರ ಸಮಿತಿ, ಆಮೇಲೆ ಮೇಲ್ಮನವಿ. ಆದರೆ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿ, 2019ರ ಡಿಸೆಂಬರ್‌ನಿಂದ ಮೇಲ್ಮನವಿ ಪೀಠವೇ ನಡೆಯುತ್ತಿಲ್ಲ. ಸೋತವರು ಅಲ್ಲಿಗೊಂದು ಅರ್ಜಿ ಹಾಕಿಬಿಟ್ಟರೆ ಸಾಕು, ಕೇಸು ಅಲ್ಲೇ ಮಲಗುತ್ತದೆ.

ಗೆದ್ದರೂ ಏನು ಸಿಗುತ್ತೆ? ಅಳೆದು ಕೊಟ್ಟಷ್ಟು ತಿರುಗಿ ಹೊಡೆಯುವ ಹಕ್ಕು. ಏರ್‌ಬಸ್, ಬೋಯಿಂಗ್ ಕಂಪನಿಗಳಿಗೆ ಕೊಟ್ಟ ಸರ್ಕಾರಿ ನೆರವಿನ ಬಗ್ಗೆ ಅಮೆರಿಕ–ಯುರೋಪ್ 2004ರಲ್ಲಿ ಕೇಸಿಗೆ ಬಿದ್ದವು. 2019ರಲ್ಲಿ ಅಮೆರಿಕಕ್ಕೆ ವರ್ಷಕ್ಕೆ 750 ಕೋಟಿ ಡಾಲರ್ ಸರಕಿಗೆ ಸುಂಕ ಹಾಕಲು ಅನುಮತಿ ಸಿಕ್ಕಿತು. ಮರುವರ್ಷ ಯುರೋಪಿಗೂ ಸುಮಾರು 400 ಕೋಟಿಗೆ ಸಿಕ್ಕಿತು. ಇಬ್ಬರೂ ಗೆದ್ದರು ಅನ್ನಿ. ಪೆಟ್ಟು ತಿಂದವರಲ್ಲಿ ವಿಮಾನಕ್ಕೆ ಸಂಬಂಧವೇ ಇಲ್ಲದ ಫ್ರಾನ್ಸಿನ ವೈನ್ ಮಾಡುವವರೂ ಇದ್ದರು. ಕೊನೆಗೆ 2021ರ ಜೂನ್‌ನಲ್ಲಿ ಐದು ವರ್ಷ ಸುಂಕ ಬೇಡ ಅಂತ ರಾಜಿ. ಬದುವಿನ ಜಗಳ 17 ವರ್ಷ ಕೋರ್ಟಿಗೆ ಅಲೆದು, ಕೊನೆಗೆ ಊರ ಕಟ್ಟೆ ಮೇಲೆ ಕೂತ ಹಾಗೆ, ಅಲ್ವಾ?

ನಮ್ಮದೂ ಹೀಗೇ. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಆರು ಕೇಸುಗಳನ್ನು ಒಟ್ಟಿಗೆ ಮುಗಿಸಿಕೊಂಡರು. ಭಾರತದ ಲೋಹಕ್ಕೆ ಸುಂಕ ಬೇಡ ಅಂತ ಬಂದ ಅರ್ಜಿಗಳಲ್ಲಿ ಉಕ್ಕಿನ ಶೇ 70, ಅಲ್ಯೂಮಿನಿಯಂನ ಶೇ 80ಕ್ಕೆ ಅವರಿಂದ ವಿನಾಯಿತಿ. ಬಾದಾಮಿ, ಅಕ್ರೋಟು, ಸೇಬು, ಕಡಲೆ, ಮಸೂರದ ಮೇಲಿನ ಹೆಚ್ಚುವರಿ ಸುಂಕ ನಾವು ತೆಗೆದೆವು. ಬಾದಾಮಿ ಮತ್ತೆ 100ಕ್ಕೆ ಬಂತು.

ಅದು ಬಾಳಲಿಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕ ಉಕ್ಕಿನ ವಿನಾಯಿತಿಗಳನ್ನೆಲ್ಲ ತೆಗೆದು, ಜೂನ್‌ನಲ್ಲಿ ಸುಂಕವನ್ನು ಶೇ 50ಕ್ಕೆ ಏರಿಸಿತು.

ನಿಮಗೊಂದು ಕಿವಿಮಾತು. ಆರ್ಡರ್ ಕೊಟ್ಟ ದಿನದ ಸುಂಕ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಬಂದರಿನಲ್ಲಿ ಬಿಲ್ ಆಫ್ ಎಂಟ್ರಿ (ಬಂದ ಮಾಲಿನ ವಿವರ ಬರೆದು ಕಸ್ಟಮ್ಸ್‌ಗೆ ಕೊಡುವ ಪತ್ರ) ಹಾಕಿದ ದಿನದ ದರವೇ ಬೀಳೋದು. ಹಬ್ಬದ ಸೀಸನ್ನಿಗೆ ಮುಂಗಡ ಕೊಡುವ ಮುನ್ನ, ಈ ಮಾಲು ಯಾವ ದರದಲ್ಲಿ ಕ್ಲಿಯರ್ ಆಗಿದೆ ಅಂತ ಹೋಲ್‌ಸೇಲ್‌ನವರನ್ನು ಕೇಳಿ.